ಹಾಲೇಶನ ವಿಪಿಎನ್ ಶುರುವಾದದ್ದು

ನಮ್ಮ ಹಾಲೇಶನಿಗೆ ಪಕ್ಕದ ಮನೆಯ ವಿಠ್ಠಲನನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಹಾಲೇಶ ತಾನಾಗಿ ಒಪ್ಪುವ ಆಸಾಮಿಯಲ್ಲ. ಕೇಳಿದರೆ, "ನನಗ್ಯಾಕಣ್ಣಾ ಹೊಟ್ಟೆಕಿಚ್ಚು? ಅವನ ಸ್ಕೂಟರ್ ಒಂದೇ ಕಿಕ್ಕಿಗೆ ಶುರುವಾಗ್ತೈತೆ ಅಂತನಾ? ಅವನ ತಲೆಕೂದಲು ಇನ್ನೂ ಕಪ್ಪಗೈತೆ ಅಂತನಾ? ಅವನ ಬಾಲ್ಕನಿ ಮೇಲೆ ಬೇವಿನಮರದ ನೆರಳು ಬೀಳ್ತೈತೆ, ನನ್ನ ಬಾಲ್ಕನಿ ಕಾದು ಕೆಂಡ ಆಗ್ತೈತೆ ಅಂತನಾ?" ಎಂದು ಉಸಿರು ಬಿಡದೆ ಎಲ್ಲವನ್ನೂ ಒಪ್ಪಿಸುತ್ತಾನೆ. ಹೊಟ್ಟೆಕಿಚ್ಚಿಲ್ಲದವನಿಗೆ ಇಷ್ಟೆಲ್ಲ ಬಾಯಿಪಾಠವಾಗಿರುವುದು ಹೇಗೆಂದು ನಾನು ಕೇಳಲು ಹೋಗಿಲ್ಲ.

ನಾನು ಅದೇ ಕಟ್ಟಡದ ಕೆಳಮನೆಯವನು. ರೈಲ್ವೆ ನೌಕರಿ ನನ್ನನ್ನು ತುಮಕೂರಿನಿಂದ ಅಹಮದಾಬಾದಿಗೆ ತಂದು, ಚಾಂದ್‌ಖೇಡಾದ ಈ ಸೊಸೈಟಿಯಲ್ಲಿ ಇಳಿಸಿತು. ಮೇಲೆ ಅಕ್ಕಪಕ್ಕದ ಎರಡು ಮನೆಗಳಲ್ಲಿ ಹರಿಹರದ ಹಾಲೇಶ ಮತ್ತು ಬಾಗಲಕೋಟೆಯ ವಿಠ್ಠಲ. ಇಬ್ಬರೂ ಒಂದೇ ಖಾಸಗಿ ವಿಮಾ ಕಂಪನಿಯವರು, ಆಶ್ರಮ ರೋಡಿನ ಒಂದೇ ಶಾಖೆಯವರು, ಒಂದೇ ಸಂಬಳದವರು. ಇಷ್ಟು ದೂರ ಬಂದ ಇಬ್ಬರು ಕನ್ನಡಿಗರು ಹೆಗಲ ಮೇಲೆ ಕೈ ಹಾಕಿಕೊಂಡು ಓಡಾಡಬೇಕಾಗಿತ್ತು. ವಿಠ್ಠಲನ ಕೈ ಆಗಾಗ ಹಾಲೇಶನ ಹೆಗಲ ಮೇಲೆ ಬೀಳುತ್ತಲೂ ಇತ್ತು. ಹಾಲೇಶ ಅದನ್ನು ಕೆಳಗಿಳಿಸಿ, ಅಂಗಿ ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದ.

ಒಂದು ವಿಷಯದಲ್ಲಿ ಮಾತ್ರ ಹಾಲೇಶನದೇ ಮೇಲುಗೈ. ನಮ್ಮ ಕಟ್ಟಡದಲ್ಲಿ ಮೊದಲು ಇಂಟರ್ನೆಟ್ ಹಾಕಿಸಿದವನು ಅವನು. ಟೀವಿ ಕೇಬಲ್ಲಿನ ನಿತೇಶ್‌ಭಾಯ್ ತಾರಸಿಯಿಂದ ವೈರು ಇಳಿಬಿಟ್ಟು ಕಂಪ್ಯೂಟರಿಗೆ ಸಿಕ್ಕಿಸಿ ಹೋದ ದಿನ ಹಾಲೇಶ ಇಡೀ ಸೊಸೈಟಿಯನ್ನು ಕರೆದು, ಹರಿಹರದಲ್ಲಿ ಇವತ್ತು ಎಷ್ಟು ಬಿಸಿಲು ಎಂದು ತೋರಿಸಿದ. ಅಹಮದಾಬಾದಿನ ಬಿಸಿಲಿನಲ್ಲಿ ನಿಂತು ಹರಿಹರದ ಬಿಸಿಲು ನೋಡಿ ನಾವೆಲ್ಲ ತಲೆದೂಗಿದೆವು. ಆ ಸುಖ ಅವನಿಗೆ ಬಹಳ ಕಾಲ ಉಳಿಯಲಿಲ್ಲ. ಕಂಪನಿಯವರು ವಿಠ್ಠಲನಿಗೆ ಒಂದು ಲ್ಯಾಪ್‌ಟಾಪ್ ಕೊಟ್ಟು, ಅದರಲ್ಲಿ ವಿಪಿಎನ್ ಎಂಬುದನ್ನು ಹಾಕಿಕೊಟ್ಟರು.

ವಿಪಿಎನ್ ಎಂದರೆ, ನನಗೆ ತಿಳಿದ ಮಟ್ಟಿಗೆ, ಮನೆಯಲ್ಲಿ ಕೂತು ಆಫೀಸಿನ ಕಂಪ್ಯೂಟರಿನೊಳಕ್ಕೆ ಯಾರಿಗೂ ಕಾಣದಂತೆ ಹೋಗುವ ದಾರಿ. ಇಂಟರ್ನೆಟ್ ಇದ್ದರೆ ಸಾಕು, ಬನಿಯನ್ ಹಾಕಿಕೊಂಡು ಬೇಕಾದರೂ ಹೋಗಬಹುದು. ವಿಠ್ಠಲ ಬೇವಿನಮರದ ನೆರಳಿನಲ್ಲಿ, ಸ್ಟೂಲಿನ ಮೇಲೆ ಕಾಲು ಚಾಚಿ, ಬನಿಯನ್ನಿನಲ್ಲೇ ಕೂತು ವಡೋದರಾದ ಜೋನಲ್ ಆಫೀಸಿನ ಕೆಲಸ ಮಾಡುತ್ತಿದ್ದ. ವಾರದಲ್ಲಿ ಎರಡು ದಿನ ಅವನು ಆಶ್ರಮ ರೋಡಿಗೆ ಹೋಗಬೇಕಾಗಿಯೇ ಇರಲಿಲ್ಲ. ಹಾಲೇಶ ಮಾತ್ರ ಟೈ ಕಟ್ಟಿ, ಸಾಬರಮತಿಯ ಟ್ರಾಫಿಕ್ಕಿನಲ್ಲಿ ಬೆಂದು ಹೋಗಿ ಬರುತ್ತಿದ್ದ.

ಬೆಳಿಗ್ಗೆ ಸ್ನಾನ ಮಾಡಿ ಬಾಲ್ಕನಿಗೆ ಬಂದು, ಎರಡು ಮನೆಗಳ ನಡುವೆ ಎಳೆದಿದ್ದ ನೀಲಿ ವೈರಿನ ಮೇಲೆ ಟವೆಲ್ ಹರವುವಾಗ ಹಾಲೇಶ ಆ ಕಡೆ ಒಂದು ಓರೆನೋಟ ಬೀರುತ್ತಿದ್ದ.

"ಏನ್ರೀ, ಇವತ್ತೂ ಮನೇಲೇ ಆಫೀಸಾ?"

"ಹೂಂ ನೋಡ್ರಿ ಹಾಲೇಶಣ್ಣಾರ, ವಿಪಿಎನ್ ಭಾಳ ಚಲೋ ನಡದದ. ಎಲ್ಲಾ ನಿಮ್ಮ ದಯಾ!" ಎಂದು ವಿಠ್ಠಲ ಎರಡೂ ಕೈ ಎತ್ತಿ ಮುಗಿಯುತ್ತಿದ್ದ.

ಹಾಲೇಶ ದಡದಡ ಮೆಟ್ಟಿಲಿಳಿದು ನನ್ನ ಮನೆಗೆ ಬರುತ್ತಿದ್ದ. "ಕೇಳಿದ್ಯಾ ಅಣ್ಣಾ? ನನ್ನ ದಯೆ ಅಂತೆ! ನನಗೆ ವಿಪಿಎನ್ ಇಲ್ಲ ಅಂತ ಗೊತ್ತಿದ್ದೂ ಹೆಂಗೆ ಚುಚ್ಚುತಾನೆ ನೋಡು!"

"ಅವರ ಕಡೆ ಮರ್ಯಾದೆಗೆ ಹಾಗಂತಾರಪ್ಪ."

"ಮರ್ಯಾದೆಗೆ ಅಂದವನು ಕೈ ಯಾಕೆ ಮುಗೀಬೇಕು?"

ನಾನು ಅವನ ಮುಂದೆ ಚಹಾ ಇಡುತ್ತಿದ್ದೆ. ಕೈ ಮುಗಿದದ್ದು ಸಾಲದೆಂಬಂತೆ, ವಿಠ್ಠಲನ ಮನೆಗೆ ವಿಪಿಎನ್ ಬಂದಾಗಿನಿಂದ ಹಾಲೇಶನ ಇಂಟರ್ನೆಟ್ ಕುಂಟತೊಡಗಿತ್ತು. ಹರಿಹರದ ಬಿಸಿಲು ತೆರೆಯ ಮೇಲೆ ಮೂಡುವಷ್ಟರಲ್ಲಿ ಹರಿಹರದಲ್ಲಿ ಸಂಜೆಯಾಗುತ್ತಿತ್ತು. ಹಾಲೇಶ ನಿತೇಶ್‌ಭಾಯ್‌ನನ್ನು ಕರೆಸಿ, "ಪಕ್ಕದ ಮನೆಗೆ ಒಳ್ಳೇ ಲೈನು, ನನಗೆ ಕೊಳೆತ ಲೈನು ಕೊಟ್ಟಿದ್ದೀಯ" ಎಂದು ತನ್ನ ಹಿಂದಿಯಲ್ಲಿ ಜಾಡಿಸಿದ. ನಿತೇಶ್‌ಭಾಯ್ ಏನೋ ಹೇಳಲು ಬಾಯಿ ತೆರೆದು, ಹಾಲೇಶನ ಹೆಂಡತಿ ತುಂಗಾಳ ಮುಖ ನೋಡಿದ. ತುಂಗಾ ಒಲೆಯ ಮೇಲೆ ಹಾಲು ಉಕ್ಕುತ್ತಿದೆಯೆಂದು ಒಳಗೆ ಹೋದಳು. ನಿತೇಶ್‌ಭಾಯ್ ಬಾಯಿ ಮುಚ್ಚಿಕೊಂಡು ಹೊರಟುಹೋದ.

ಹಾಲೇಶನ ಹೊಟ್ಟೆಯ ಕಿಚ್ಚಿಗೆ ಆಗಾಗ ತುಪ್ಪ ಬೀಳುತ್ತಿದ್ದುದೂ ವಿಠ್ಠಲನ ಮನೆಯಿಂದಲೇ. ವಿಠ್ಠಲನ ಹೆಂಡತಿ ರಮಾಮಣಿ ಶೇಂಗಾ ಹೋಳಿಗೆ ಮಾಡುವುದರಲ್ಲಿ ಗಟ್ಟಿಗಿತ್ತಿ. ಪ್ರತಿ ವಾರ ಒಂದು ಸ್ಟೀಲ್ ಡಬ್ಬಿಯ ತುಂಬ ಹೋಳಿಗೆ ಪಕ್ಕದ ಮನೆಗೆ ಬರುತ್ತಿತ್ತು. ಹಾಲೇಶ ಅದಕ್ಕೆ ತುಪ್ಪ ಸುರಿದುಕೊಂಡು, "ಎಳ್ಳು ಜಾಸ್ತಿ ಆಗೈತೆ", "ಬೆಲ್ಲ ಸಾಲದು", "ಅಂಚು ಗಟ್ಟಿ" ಎಂದು ದೋಷ ಹುಡುಕುತ್ತ ಡಬ್ಬಿಯ ತಳ ಕಾಣಿಸುತ್ತಿದ್ದ. ಹೋಳಿಗೆ ಕೆಟ್ಟದಾಗಿದೆಯೆಂದು ಖಾತ್ರಿಯಾಗುವವರೆಗೆ ತಿನ್ನುವುದು ಅವನ ಕ್ರಮ.

ಹೀಗಿರುವಾಗ ವಡೋದರಾದಿಂದ ದೊಡ್ಡ ಸಾಹೇಬರು ಶಾಖೆಗೆ ಬಂದರು. ಚಹಾ ಕುಡಿದು, ಬಿಸ್ಕತ್ತು ಬೇಡವೆಂದು, ಎದ್ದು ಹೊರಡುವಾಗ ಒಂದು ಮಾತು ಹೇಳಿದರು. ಸೂರತ್ತಿನ ಹತ್ತಿರದ ಸಚಿನ್ ಎಂಬ ಊರಿನ ಶಾಖೆಗೆ ಇಲ್ಲಿಂದ ಒಬ್ಬರನ್ನು ಕಳಿಸಬೇಕಾಗಿದೆ. ಹಾಲೇಶನನ್ನೋ ವಿಠ್ಠಲನನ್ನೋ ಎಂದು ಇನ್ನೂ ನಿರ್ಧಾರವಾಗಿಲ್ಲ. ಹಾಲೇಶನಿಗೂ ವಿಪಿಎನ್ ಕೊಡುತ್ತೇವೆ. ಬರುವ ಭಾನುವಾರ ಹನ್ನೊಂದು ಗಂಟೆಯೊಳಗೆ ಇಬ್ಬರೂ ಮನೆಯಿಂದಲೇ ಹಾಜರಿ ಹಾಕಲಿ, ಅದನ್ನು ನೋಡಿ ತೀರ್ಮಾನಿಸುತ್ತೇನೆ. ಇಷ್ಟು ಹೇಳಿ ಸಾಹೇಬರು ಕಾರು ಹತ್ತಿದರು.

ನೋಡಿ ಏನು ತೀರ್ಮಾನಿಸುತ್ತಾರೆಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಕಾಣಲಿಲ್ಲ. ಹಾಜರಿ ಹಾಕಲು ಬಾರದ ದಡ್ಡನನ್ನು ಸಚಿನ್‌ಗೆ ಅಟ್ಟುತ್ತಾರೆ ಎಂದು ಇಡೀ ಶಾಖೆ ಒಮ್ಮತದಿಂದ ತೀರ್ಮಾನಿಸಿತು. ಸಚಿನ್ ಎಂದರೆ ಬಣ್ಣದ ಕಾರ್ಖಾನೆ, ರಾಸಾಯನಿಕದ ಕಾರ್ಖಾನೆ, ಬಟ್ಟೆಯ ಕಾರ್ಖಾನೆ. ಅಲ್ಲಿದ್ದು ಬಂದವರ ಅಂಗಿಯನ್ನು ಎಷ್ಟು ಒಗೆದರೂ ವಾಸನೆ ಹೋಗುವುದಿಲ್ಲವೆಂದು ಶಾಖೆಯಲ್ಲಿ ಪ್ರತೀತಿ.

ಹಾಲೇಶ ನನ್ನ ಮನೆಯ ಕುರ್ಚಿಯಲ್ಲಿ ಕುಸಿದ. "ನಾನು ಸಚಿನ್‌ಗೆ ಹೋಗೋದು ಬಿಡಣ್ಣಾ, ಹೆಂಗೋ ಮೂಗು ಮುಚ್ಚಿಕೊಂಡು ಇರ್ತೀನಿ. ನಾನು ಅಲ್ಲಿರೋವಾಗ ಅವನು ಇಲ್ಲಿ ಬೇವಿನಮರದ ಕೆಳಗೆ ಕಾಲು ಚಾಚಿಕೊಂಡು ಇರ್ತಾನಲ್ಲ, ಅದನ್ನ ನೆನೆಸಿಕೊಂಡರೆ ಅನ್ನ ಇಳಿಯಂಗಿಲ್ಲ."

ಶನಿವಾರ ಕೊರಿಯರ್‌ನಲ್ಲಿ ವಿಪಿಎನ್ ಸೀಡಿ ಬಂತು. ಹಾಲೇಶ ಅದನ್ನು ಕಂಪ್ಯೂಟರಿಗೆ ಹಾಕಿ, ಕೇಳಿದ ಕಡೆಯೆಲ್ಲ ಹೂಂ ಹೂಂ ಎಂದು ಒತ್ತಿದ. ತೆರೆಯ ಮೇಲೆ ಬೀಗದ ಚಿತ್ರ ಮೂಡಿತು. ಒಮ್ಮೆ ನಡೆಸಿ ನೋಡಿದ್ದರೆ ಮುಂದಿನ ರಾದ್ಧಾಂತ ತಪ್ಪುತ್ತಿತ್ತೇನೋ. ಆದರೆ ಹರಿಹರದಿಂದ ಮಗಳ ಮನೆಗೆ ಬಂದಿದ್ದ ಅತ್ತೆ ರಾಜಮ್ಮನವರು ಅಡ್ಡ ನಿಂತರು. "ಶನಿವಾರ ಸಂಜೆ ಯಾರಾದ್ರೂ ಹೊಸಾದು ಶುರು ಮಾಡ್ತಾರಾ ಅಳಿಯಂದ್ರೇ? ನಾಳೆ ಪೂಜೆ ಮಾಡಿ ನಾಲ್ಕು ಜನರ ಎದುರಿಗೆ ಶುರು ಮಾಡಿ."

ನಾಲ್ಕು ಜನರ ಎದುರಿಗೆ ಎಂಬ ಮಾತು ಹಾಲೇಶನಿಗೆ ಬಹಳ ಹಿಡಿಸಿತು.

ಭಾನುವಾರ ಬೆಳಿಗ್ಗೆ ಹಾಲೇಶನ ಹಾಲ್ ತುಂಬಿತು. ಸೊಸೈಟಿಯ ಸೆಕ್ರೆಟರಿ ಚಂದ್ರಕಾಂತಭಾಯ್ ಮುಂದಿನ ಕುರ್ಚಿ ಹಿಡಿದರು. ಅವರು ಬಟ್ಟೆ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿದ್ದವರು. ಕೆಟ್ಟ ಯಂತ್ರ ಎಲ್ಲಿದ್ದರೂ ಅವರ ಮೂಗಿಗೆ ಬಡಿಯುತ್ತದೆ. ಭಾನುವಾರವೆಂದ ಮೇಲೆ ಇಲ್ಲಿ ಕಡಲೆಹಿಟ್ಟಿನ ಫಾಫಡಾ, ಜಲೇಬಿ ಇಲ್ಲದೆ ಆಗುವುದಿಲ್ಲ, ಅದರ ಪೊಟ್ಟಣವೂ ಬಂದಿತ್ತು. ರಾಜಮ್ಮನವರು ಮಾನಿಟರಿಗೆ ವಿಭೂತಿ ಎಳೆದು, ಮೌಸಿಗೆ ಹೂವಿಟ್ಟರು. ವಿಠ್ಠಲನಿಗೆ ಮಾತ್ರ ಆಹ್ವಾನ ಇರಲಿಲ್ಲ. ಅವನು ಪಕ್ಕದ ಮನೆಯಲ್ಲಿ ತನ್ನ ಹಾಜರಿ ಹಾಕಿಕೊಳ್ಳುತ್ತಾನೆಂದು ಹಾಲೇಶ ಹೇಳಿದ.

ಹಾಜರಿಯ ಕಿಟಕಿ ವಡೋದರಾದಲ್ಲಿ ಹತ್ತೂವರೆಗೆ ತೆರೆಯುತ್ತಿತ್ತು. ಸರಿಯಾಗಿ ಆ ಹೊತ್ತಿಗೆ ಹಾಲೇಶ ಮೌಸಿನ ಹೂವು ಸರಿಸಿ ಬೀಗದ ಚಿತ್ರವನ್ನು ಒತ್ತಿದ. ಕಂಪ್ಯೂಟರು ಸ್ವಲ್ಪ ಯೋಚಿಸಿ ಒಂದು ಸಂದೇಶ ಬರೆಯಿತು. ವಿಪಿಎನ್ ಸರ್ವಿಸ್ ಶುರುವಾಗಿಲ್ಲ, ದಯವಿಟ್ಟು ಅದನ್ನು ಶುರು ಮಾಡಿ ಮತ್ತೆ ಪ್ರಯತ್ನಿಸಿ ಎಂಬುದು ಅದರ ಸಾರಾಂಶ.

"ಶುರು ಮಾಡು ಅಂತ ತಾನೇ ನಾನು ಒತ್ತಿದ್ದು? ನನಗೇ ಶುರು ಮಾಡು ಅಂತೈತಲ್ಲ!" ಎಂದು ಹಾಲೇಶ ಮತ್ತೆ ಒತ್ತಿದ. ಮತ್ತೆ ಅದೇ ಸಂದೇಶ. ಹಲ್ಲು ಕಚ್ಚಿ ಒತ್ತಿದ. ಕಂಪ್ಯೂಟರಿಗೆ ಹಲ್ಲು ಕಾಣಿಸಲಿಲ್ಲವೇನೋ, ಅದೇ ಸಂದೇಶ.

"ಶುಂ ಥಯುಂ? ಚಾಲತುಂ ನಥೀ?" ಏನಾಯಿತು, ನಡೆಯುತ್ತಿಲ್ಲವೇ ಎಂದು ಚಂದ್ರಕಾಂತಭಾಯ್ ಜಲೇಬಿ ಕೆಳಗಿಟ್ಟು ಎದ್ದರು. "ಬಂಧ್ ಕರೋ, ಚಾಲೂ ಕರೋ! ಮಿಲ್ಲಿನಲ್ಲಿ ನಾನು ಮಾಡುತ್ತಿದ್ದದ್ದೇ ಇಷ್ಟು."

ಹಾಲೇಶ ಕಂಪ್ಯೂಟರನ್ನು ಬಂದ್ ಮಾಡಿದ. ಆ ಕ್ಷಣಕ್ಕೇ ಗೋಡೆಯ ಆಚೆಯಿಂದ ವಿಠ್ಠಲನ ದನಿ ಕೇಳಿಸಿತು. "ಹೋತು!"

ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಹಾಲೇಶ ಚಾಲೂ ಮಾಡಿದ. ಕಂಪ್ಯೂಟರು ಎದ್ದು ಕೂರುವಷ್ಟರಲ್ಲಿ ಗೋಡೆಯ ಆಚೆಯಿಂದ, "ಬಂತು, ಬಂತು!"

"ನೋಡಿದ್ರಾ?" ಹಾಲೇಶನ ಮುಖ ಕೆಂಪಾಯಿತು. "ಗೋಡೆಗೆ ಕಿವಿ ಕೊಟ್ಟು ಕೂತವನೆ! ನನ್ನದು ಹೋದರೆ ಹೋತು ಅಂತಾನೆ, ಬಂದರೆ ಬಂತು ಅಂತಾನೆ. ಕ್ರಿಕೆಟ್ ಕಾಮೆಂಟರಿ ಹೇಳಿದಂಗೆ ಹೇಳ್ತಾನಲ್ಲ!"

"ರೀ, ಒಂದ್ ಮಾತು..." ಎಂದಳು ತುಂಗಾ.

"ನೀನು ಸುಮ್ನಿರು!"

ಸಂದೇಹ ತೀರಿಸಿಕೊಳ್ಳಲು ಚಂದ್ರಕಾಂತಭಾಯ್ ಇನ್ನೊಮ್ಮೆ ಬಂದ್ ಮಾಡಿಸಿದರು. "ಅಯ್ಯ, ಮತ್ತ ಹೋತು!" ಎಂದಿತು ಗೋಡೆ. ರಾಜಮ್ಮನವರಿಗೆ ಇನ್ನು ಸಾಕ್ಷಿ ಬೇಕಾಗಿರಲಿಲ್ಲ. "ದೃಷ್ಟಿ! ಪಕ್ಕದ ಮನೆಯವನ ಹೊಟ್ಟೆಕಿಚ್ಚಿನ ದೃಷ್ಟಿ! ನಮ್ಮ ಅಳಿಯಂದ್ರ ಏಳಿಗೆ ಕಂಡು ಆಗದವರ ಕಣ್ಣು!" ಎಂದು ಅಡುಗೆಮನೆಗೆ ನುಗ್ಗಿ ಉಪ್ಪು, ಒಣಮೆಣಸಿನಕಾಯಿ ತಂದು, ಕಂಪ್ಯೂಟರಿಗೆ ಮೂರು ಸುತ್ತು ನಿವಾಳಿಸಿ ಪೂಜೆಯ ಧೂಪದ ಕೆಂಡಕ್ಕೆ ಹಾಕಿದರು. ಹಾಲೇಶನ ಹೊಟ್ಟೆಕಿಚ್ಚಿನ ವಿಚಾರ ಬಲ್ಲ ನಾನು ಆ ಗಳಿಗೆಯಲ್ಲಿ ನಗಬಾರದೆಂದು ಬಹಳ ಕಷ್ಟಪಟ್ಟೆ. ಅಷ್ಟರಲ್ಲಿ ಘಾಟು ಎದ್ದು ಎಲ್ಲರಿಗೂ ಕೆಮ್ಮು ಹತ್ತಿದ್ದರಿಂದ ಪಾರಾದೆ. ಚಂದ್ರಕಾಂತಭಾಯ್ ಕೆಮ್ಮುತ್ತಲೇ, ಮಿಲ್ಲಿನಲ್ಲಿ ಈ ಉಪಾಯ ಇರಲಿಲ್ಲವೆಂದು ಒಪ್ಪಿಕೊಂಡರು.

ಕಣ್ಣೀರು ಒರೆಸಿಕೊಂಡು ಹಾಲೇಶ ಒತ್ತಿದ. ವಿಪಿಎನ್ ಸರ್ವಿಸ್ ಶುರುವಾಗಿಲ್ಲ.

ಆ ಹೊಗೆಯ ನಡುವೆ ರಮಾಮಣಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ತುಂಗಕ್ಕಾ, ಪೂಜಾ ಅಂದ್ರಲ್ಲ, ಹೋಳಿಗಿ ತಂದೀನಿ. ಹಾಲೇಶಣ್ಣಾರ, ನಿಮ್ಮದು ನೆಟ್ಟಗ ನಡದ್ರ ನಮ್ಮದೂ ನಡದಂಗ ನೋಡ್ರಿ. ಹಾಜರಿ ಪುಟಾ ಇನ್ನೂ ತೆರದಿಲ್ಲ, ನಮ್ಮವರು ಅಲ್ಲಿ ದೇವರ ಮುಂದ ದೀಪಾ ಹಚ್ಚಿ ಕೂತಾರ."

ಹಾಲೇಶ ಉರಿದುಹೋದ. "ದೀಪ ಹಚ್ಚಿಕೊಂಡು ಕೂತವ್ರಾ? ನಾನು ಸಚಿನ್‌ಗೆ ಹೋಗಲಿ ಅಂತನಾ?" ರಮಾಮಣಿ ಗಾಬರಿಯಾಗಿ ತುಂಗಾಳ ಮುಖ ನೋಡಿದಳು. ತುಂಗಾ ಡಬ್ಬಿ ತೆಗೆದುಕೊಂಡು, "ರೀ, ನಾನು ಹೇಳೋದು ಸ್ವಲ್ಪ..." ಎಂದಳು. ಹಾಲೇಶ ಆಗಲೇ ವಡೋದರಾಗೆ ಫೋನ್ ತಿರುಗಿಸುತ್ತಿದ್ದ.

ಆ ಕಡೆ ಇದ್ದವನು ಕಂಪ್ಯೂಟರ್ ವಿಭಾಗದ ಮಂಥನ್. ಅವನು ಹಿಂದಿಯಲ್ಲಿ ಹೇಳಿದ್ದನ್ನೆಲ್ಲ ಹಾಲೇಶ ಕನ್ನಡದಲ್ಲಿ ನಮಗೆ ಸಾರುತ್ತ ಹೋದ. "ಈ ಸರ್ವಿಸ್ ಅನ್ನೋದು ಹಿಂದುಗಡೆ ಇರ್ತೈತಂತೆ. ಕಣ್ಣಿಗೆ ಕಾಣಂಗಿಲ್ವಂತೆ. ಅದು ಎದ್ದರೆ ಮಾತ್ರ ಮುಂದಿನ ಕೆಲಸ ಆಗ್ತೈತಂತೆ."

"ಅಯ್ಯೋ ಶಿವನೇ! ದೆವ್ವನಾ?" ಎಂದರು ರಾಜಮ್ಮ.

ಮಂಥನ್ ಹೇಳಿದ ಕಡೆಗೆಲ್ಲ ಹೋಗಿ, ಒಂದು ಉದ್ದನೆಯ ಪಟ್ಟಿ ತೆರೆದು, ಅದರಲ್ಲಿ ಮಲಗಿದ್ದ ಸರ್ವಿಸ್ಸನ್ನು ಹಾಲೇಶ ಎಬ್ಬಿಸಿದ. ಅದು ಎದ್ದಂತೆ ಮಾಡಿ ಮತ್ತೆ ಮಲಗಿತು. ಇನ್ನೊಮ್ಮೆ ಎಬ್ಬಿಸಿದ. ಇನ್ನೊಮ್ಮೆ ಮಲಗಿತು. ಗಡಿಯಾರ ಹನ್ನೊಂದರ ಕಡೆಗೆ ಸರಿಯುತ್ತಿತ್ತು. ಆಗ ಮಂಥನ್ ಏನೋ ಕೇಳಿದ. ಹಾಲೇಶ ಎದೆ ಸೆಟೆಸಿದ.

"ನಾನಾ? ಇಲ್ಲ! ಸಾಧ್ಯವೇ ಇಲ್ಲ!" ಎಂದು ನಮ್ಮ ಕಡೆ ತಿರುಗಿ, "ನನ್ನ ಇಂಟರ್ನೆಟ್ಟನ್ನ ನಾನು ಯಾರಿಗಾದರೂ ಹಂಚಿದ್ದೀನಾ ಅಂತ ಕೇಳ್ತಾನೆ! ಹಂಗೆ ಹಂಚಿದ್ದರೆ ಈ ವಿಪಿಎನ್ ಏಳಂಗಿಲ್ವಂತೆ. ನಾನು ನನ್ನ ಪೇಪರನ್ನೇ ಇನ್ನೊಬ್ಬರಿಗೆ ಓದೋಕೆ ಕೊಟ್ಟೋನಲ್ಲ, ಹೌದಾ ಅಣ್ಣಾ?"

ಹೌದೆಂದು ನಾನು ಪ್ರಾಮಾಣಿಕವಾಗಿ ಸಾಕ್ಷಿ ಹೇಳಿದೆ. ಮಂಥನ್ ನಂಬಲಿಲ್ಲ. ಕಂಪ್ಯೂಟರಿನ ವೈರಿನ ಚಿತ್ರದ ಕೆಳಗೆ ಒಂದು ಕೈ ಕಾಣುತ್ತಿದೆಯೇ ನೋಡಿ ಎಂದ. ಕಾಣುತ್ತಿತ್ತು. ಅಂಗೈ ಚಾಚಿದ ಪುಟ್ಟ ಕೈ. ಹಾಲೇಶ ಅದನ್ನು ಎಷ್ಟೋ ತಿಂಗಳಿಂದ ಕಂಡಿದ್ದ. ಕಂಪನಿಯವರು ಅಂದಕ್ಕೆ ಬರೆದಿದ್ದಾರೆ ಎಂದುಕೊಂಡಿದ್ದ. ರಾಜಮ್ಮನವರಂತೂ ಅದನ್ನು ದೇವರ ಕೈಯೆಂದು ತಿಳಿದು ದಿನಾ ಕಂಪ್ಯೂಟರಿಗೆ ಕೈ ಮುಗಿಯುತ್ತಿದ್ದರು. ಆ ಕೈ ಇದ್ದರೆ ಲೈನು ಹಂಚಿದೆ ಎಂದು ಅರ್ಥವಂತೆ. ಒಳಗೆ ಹೋಗಿ, ಅಲ್ಲಿರುವ ಸರಿ ಗುರುತನ್ನು ತೆಗೆಯಿರಿ ಎಂದ ಮಂಥನ್.

"ರೀ, ತೆಗೀಬೇಡಿ! ಸ್ವಲ್ಪ ತಡೀರಿ!" ಎಂದು ತುಂಗಾ ಕೂಗುವಷ್ಟರಲ್ಲಿ ಹಾಲೇಶ ತೆಗೆದಾಗಿತ್ತು.

ಸರ್ವಿಸ್ ಎದ್ದಿತು. ಎದ್ದದ್ದು ಮಲಗಲಿಲ್ಲ. ತೆರೆಯ ಮೂಲೆಯಲ್ಲಿ ಬೀಗ ಚಕ್ಕನೆ ಮುಚ್ಚಿಕೊಂಡಿತು. ಹಾಲೇಶ ಚಾಂದ್‌ಖೇಡಾದಲ್ಲಿದ್ದುಕೊಂಡೇ ವಡೋದರಾ ಆಫೀಸಿನ ಒಳಗಿದ್ದ! "ಅರೆ ವಾಹ್!" ಎಂದು ಚಂದ್ರಕಾಂತಭಾಯ್ ಚಪ್ಪಾಳೆ ತಟ್ಟಿದರು. ರಾಜಮ್ಮನವರು ಮೆಣಸಿನಕಾಯಿಯ ಮಹಿಮೆಯನ್ನು ಕೊಂಡಾಡಿದರು. ಹಾಜರಿಯ ಪುಟ ನಿಧಾನವಾಗಿ ತೆರೆಯತೊಡಗಿತು.

ಅದೇ ಹೊತ್ತಿಗೆ ಗೋಡೆಯ ಆಚೆ ದೊಡ್ಡ ದನಿ ಎದ್ದಿತು. "ಅಯ್ಯಯ್ಯೋ, ಪೂರಾ ಹೋತು!" ಹಿಂದೆಯೇ ವಿಠ್ಠಲ ಲುಂಗಿಯಲ್ಲಿ, ಲ್ಯಾಪ್‌ಟಾಪನ್ನು ಮಗುವಿನಂತೆ ಅವಚಿಕೊಂಡು ಓಡಿಬಂದ. "ಹಾಲೇಶಣ್ಣಾರ, ನಿಮ್ಮ ಇಂಟರ್ನೆಟ್ ಹೋತೇನ್ರಿ?"

"ನನ್ನದು ಯಾಕ್ರೀ ಹೋಗ್ತೈತೆ? ನನ್ನದು ಈಗ ತಾನೇ ಬಂದೈತೆ!"

"ನಿಮ್ಮದು ಬಂದ್ರ ನಂದ್ಯಾಕ್ರಿ ಹೋತು?"

"ನಿಮ್ಮದು ಹೋದರೆ ನಿಮ್ಮ ಕೇಬಲ್‌ನವನನ್ನ ಕೇಳ್ರಿ!"

"ಕೇಬಲ್‌ನವ ಎಲ್ಲಿಂದ ಬಂದ್ರಿ? ನಂದು ನಿಮ್ಮ ಮನಿಯಿಂದ ಬರತದಲ್ರಿ! ನಿಮ್ಮ ಕಂಪ್ಯೂಟರ್‌ನಾಗಿಂದ, ಆ ನೀಲಿ ವೈರ್ ಮ್ಯಾಲ!"

ಎಲ್ಲರೂ ಬಾಲ್ಕನಿಯ ಕಡೆ ನೋಡಿದೆವು. ನೀಲಿ ವೈರು ಹಾಲೇಶನ ಕಿಟಕಿಯಿಂದ ಹೊರಟು ವಿಠ್ಠಲನ ಕಿಟಕಿಯೊಳಗೆ ಹೋಗಿತ್ತು. ಅದರ ಮೇಲೆ ಹಾಲೇಶನ ಹಸಿ ಟವೆಲ್ ನೇತಾಡುತ್ತಿತ್ತು.

ತುಂಗಾಳಿಗೆ ಕೊನೆಗೂ ಮಾತಾಡಲು ಎಡೆ ಸಿಕ್ಕಿತು. "ನಾನೇನು ಮಾಡ್ಲಿ? ಆವತ್ತು ರಮಾಮಣಿಯವರು ಡಬ್ಬಿ ತುಂಬ ಹೋಳಿಗೆ ಕಳಿಸಿದ್ರು. ನೀವು ಒಂದೂ ಬಿಡದಂಗೆ ತಿಂದ್ರಿ. ಡಬ್ಬಿ ವಾಪಸ್ ಕೊಡಬೇಕಲ್ಲ? ಮನೇಲಿ ಏನೂ ಮಾಡಿರಲಿಲ್ಲ. ಒಂದು ಹಿಡಿ ಸಕ್ಕರೆನೂ ಇರಲಿಲ್ಲ. ಖಾಲಿ ಡಬ್ಬಿ ಹೆಂಗೆ ಕೊಡೋದು, ಹೇಳಿ! ನಾಚಿಕೆಯಾಗಿ ಬಾಗಿಲಲ್ಲಿ ನಿಂತಿದ್ದೆ. ಅವರಿಗೆ ಲ್ಯಾಪ್‌ಟಾಪ್ ಬಂದಿತ್ತು, ನಿತೇಶ್‌ಭಾಯ್ ಹೊಸ ಲೈನ್ ಕೊಡೋಕೆ ತಡ ಆಗ್ತೈತೆ ಅಂದಿದ್ದ. ಅಲ್ಲಿವರೆಗೂ ನಮ್ಮದೇ ತಗೊಳ್ಳಿ ಅಂದೆ. ನಿತೇಶ್‌ಭಾಯ್ ನಮ್ಮ ಕಂಪ್ಯೂಟರಿಂದ ವೈರು ಎಳೆದುಕೊಟ್ಟ, ನೀವು ಆಫೀಸಿಗೆ ಹೋದ ಮೇಲೂ ನಾನು ಅದನ್ನ ಆರಿಸ್ತಿರಲಿಲ್ಲ. ಆಮೇಲೆ ಮುಂದಿನ ವಾರನೂ ಹೋಳಿಗೆ ಬಂತು."

"ನೀವ ಕೊಡ್ಲಿಕ್ಕೆ ಹೇಳೀರಿ ಅಂದ್ರಲ್ರಿ ತುಂಗಕ್ಕ," ಎಂದ ವಿಠ್ಠಲ, ಕಣ್ಣು ತುಂಬಿಕೊಂಡು. ಮೆಣಸಿನಕಾಯಿಯ ಹೊಗೆ ಇನ್ನೂ ಇತ್ತು. "ಹೊಗಳಿಸಿಕೊಳ್ಳೂದು ಅವರಿಗೆ ಆಗಂಗಿಲ್ಲ, ಅವರ ಮುಂದ ಈ ಮಾತು ಎತ್ತಬ್ಯಾಡ್ರಿ ಅಂದಿದ್ರು ತುಂಗಕ್ಕ. ಅದಕ್ಕ ನಾ ದಿನಾ ನಿಮ್ಮ ದಯಾ ಅಂತ ಕೈ ಮುಗಿದು ಸುಮ್ಮನಾಗ್ತಿದ್ದೆ."

ಹಾಲೇಶನ ಬಾಯಿ ತೆರೆದೇ ಇತ್ತು. ಇಷ್ಟು ತಿಂಗಳು ಅವನು ಉರಿದುಕೊಂಡದ್ದು ತನ್ನದೇ ಲೈನನ್ನು ನೋಡಿ. ಅವನ ಮುಖದಲ್ಲಿ ಒಮ್ಮೆ ಅವಮಾನ ಬಂತು, ಒಮ್ಮೆ ಸಿಟ್ಟು ಬಂತು, ಹಿಂದೆಯೇ ಒಂದು ಬಗೆಯ ಹೆಮ್ಮೆಯೂ ಇಣುಕಿತು. ಯಾವುದನ್ನು ಉಳಿಸಿಕೊಳ್ಳಬೇಕೆಂದು ಅವನು ತೀರ್ಮಾನಿಸುವ ಮೊದಲೇ ವಿಠ್ಠಲ ಲ್ಯಾಪ್‌ಟಾಪ್ ಮುಚ್ಚಿದ.

"ಇರಲಿ ಬಿಡ್ರಿ. ಲೈನ್ ನಿಮ್ಮದು, ಹಾಜರಿ ನೀವ ಹಾಕ್ರಿ. ಸಚಿನ್‌ಗೆ ನಾ ಹೋಗ್ತೀನಿ. ಇಷ್ಟ ದಿನಾ ನಿಮ್ಮ ಉಪಕಾರದಾಗ ಇದ್ದೀನಿ."

"ಅರೆ! ಕೇಟಲುಂ ಮೋಟುಂ ದಿಲ್!" ಎಂದು, ನಾನು ಹಿಂದಿಯಲ್ಲಿ ತಿಳಿಸಿದ್ದನ್ನು ಕೇಳಿ, ಚಂದ್ರಕಾಂತಭಾಯ್ ವಿಠ್ಠಲನ ದೊಡ್ಡ ಮನಸ್ಸನ್ನು ಮೆಚ್ಚಿ ಬೆನ್ನು ತಟ್ಟಿದರು. ರಾಜಮ್ಮನವರೂ, ದೃಷ್ಟಿಯ ವಿಚಾರ ಮರೆತು, "ಬಂಗಾರದಂಥ ಹುಡುಗ" ಎಂದರು.

ಅದೇ ತಪ್ಪಾಯಿತು. ಹಾಲೇಶನಿಗೆ ಸ್ಕೂಟರ್ ಸಹಿಸಬಹುದಾಗಿತ್ತು, ಬೇವಿನಮರ ಸಹಿಸಬಹುದಾಗಿತ್ತು. ತನ್ನ ಮನೆಯ ಹಾಲ್‌ನಲ್ಲಿ, ತಾನು ಕರೆದ ಜನರ ಎದುರು, ತನ್ನದೇ ಫಾಫಡಾ ತಿಂದವರಿಂದ ವಿಠ್ಠಲ ದೊಡ್ಡ ಮನಸ್ಸಿನವನೆನಿಸಿಕೊಳ್ಳುವುದು ಸಹಿಸಲು ಆಗಲಿಲ್ಲ.

"ಯಾರ್ರೀ ಹೋಗೋನು? ಸಚಿನ್‌ಗೆ ನಾನು ಹೋಗ್ತೀನಿ!"

"ಛೇ ಛೇ, ನೀವು ಹಿರಿಯರು. ನಾ ಹೋಗ್ತೀನ್ರಿ."

"ನನ್ನ ಲೈನು! ಯಾರು ಹೋಗಬೇಕು ಅಂತ ಹೇಳೋನು ನಾನು!" ಎಂದು ಹಾಲೇಶ ಕಂಪ್ಯೂಟರಿಗೆ ಹಾರಿ ಸರಿ ಗುರುತು ಹಾಕಿದ. ಬೀಗ ತೆರೆದುಕೊಂಡಿತು, ಕೈ ಮೂಡಿತು, ಅರ್ಧ ತೆರೆದಿದ್ದ ಹಾಜರಿ ಪುಟ ಮಾಯವಾಯಿತು. ವಿಠ್ಠಲ, "ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಕೈ ಚಾಚಿ ಗುರುತು ತೆಗೆದ. ಬೀಗ ಮುಚ್ಚಿತು. ಹಾಲೇಶ ಹಾಕಿದ. ವಿಠ್ಠಲ ತೆಗೆದ. ಫೋನಿನಲ್ಲಿ ಮಂಥನ್, "ಸಾರ್, ಅಲ್ಲಿ ಏನಾಗುತ್ತಿದೆ? ನೀವು ಬಂದಿರಾ, ಹೋದಿರಾ?" ಎಂದು ಕಿರುಚುತ್ತಿದ್ದ. ಚಂದ್ರಕಾಂತಭಾಯ್ ಮೊದಲು ಒಬ್ಬರು ಹಾಜರಿ ಹಾಕಿ ಆಮೇಲೆ ಇನ್ನೊಬ್ಬರು ಹಾಕಿದರಾಗದೇ ಎಂದರು. ಇದು ಬಹಳ ಒಳ್ಳೆಯ ಮಾತಾಗಿತ್ತು, ಆದ್ದರಿಂದ ಯಾರೂ ಕೇಳಲಿಲ್ಲ.

ಕೊನೆಗೆ ಹಾಲೇಶ ಮತ್ತೊಮ್ಮೆ ಸರಿ ಗುರುತು ಹಾಕಿ, ಕಂಪ್ಯೂಟರನ್ನು ಬೆನ್ನಿನಿಂದ ಮರೆಮಾಡಿ ನಿಂತು, ನಮಗೆಲ್ಲ ಅಪ್ಪಣೆ ಮಾಡಿದ. ನಾನು ಮತ್ತು ಚಂದ್ರಕಾಂತಭಾಯ್ ಇಬ್ಬರೂ ವಿಠ್ಠಲನನ್ನು ಎತ್ತಿ ಅವನ ಮನೆಗೆ ಸಾಗಿಸಿ ಬಂದೆವು. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆಯಿಂದ ಅಳುದನಿಯಲ್ಲಿ, "ಬಂತು! ಹಾಜರಿ ಬಿತ್ರಿ!" ಎಂದು ಕೇಳಿಸಿತು. ಹಾಲೇಶ ಆಗ ನಿಧಾನವಾಗಿ ಸರಿ ಗುರುತು ತೆಗೆದು, ತನ್ನ ಹಾಜರಿ ಪುಟ ತೆರೆದ. ಸಮಯ ಮುಗಿದಿದೆ ಎಂದು ವಡೋದರಾ ತಿಳಿಸಿತು.

ಮುಂದಿನ ಎರಡು ದಿನ ಹಾಲೇಶನನ್ನು ನೋಡಬೇಕಿತ್ತು. ಸೊಸೈಟಿಯವರು ಕಂಡಲ್ಲಿ ಕೈ ಮುಗಿದರು. ಚಂದ್ರಕಾಂತಭಾಯ್ ನೋಟೀಸ್ ಬೋರ್ಡಿನಲ್ಲಿ ಅವನ ತ್ಯಾಗದ ಬಗ್ಗೆ ಗುಜರಾತಿಯಲ್ಲಿ ನಾಲ್ಕು ಸಾಲು ಬರೆದರು. ತುಂಗಾ ಟ್ರಂಕು ಇಳಿಸಿ ಬಟ್ಟೆ ಜೋಡಿಸಿದಳು. ಹಾಲೇಶ ವಿಠ್ಠಲನ ಹೆಗಲ ಮೇಲೆ ತಾನೇ ಕೈ ಹಾಕಿ, "ನಾನು ಹೋದ ಮೇಲೂ ವೈರು ತೆಗೀಬೇಡಿ" ಎನ್ನುತ್ತಿದ್ದ. ಹೋಳಿಗೆ ತಿಂದು, ಮೊದಲ ಸಲ, ಚೆನ್ನಾಗಿದೆ ಎಂದ. ಅವನ ಹೊಟ್ಟೆಯ ಕಿಚ್ಚು ಆರಿತೆಂದು ನಾನೂ ನಂಬಿದೆ.

ಬುಧವಾರ ದೊಡ್ಡ ಸಾಹೇಬರ ಆದೇಶ ಬಂತು. ಮನೆಯಿಂದ ಹಾಜರಿ ಹಾಕಬಲ್ಲವನು ಎಲ್ಲಿದ್ದರೂ ವಡೋದರಾದ ಕೆಲಸ ಮಾಡಬಲ್ಲ. ಆದ್ದರಿಂದ ವಿಠ್ಠಲನನ್ನು ಸಚಿನ್ ಶಾಖೆಯ ಮ್ಯಾನೇಜರ್ ಆಗಿ ಕಳಿಸಲಾಗಿದೆ, ಕಂಪನಿಯ ಮನೆ ಮತ್ತು ಕಾರು ಇರುತ್ತದೆ. ಹಾಲೇಶ ಆಶ್ರಮ ರೋಡಿನಲ್ಲೇ ಮುಂದುವರಿಯತಕ್ಕದ್ದು.

ಹಾಲೇಶ ನನ್ನ ಮನೆಗೆ ಬಂದು ಅದೇ ಕುರ್ಚಿಯಲ್ಲಿ ಕುಸಿದ. "ಮ್ಯಾನೇಜರ್ ಅಂತೆ ಅಣ್ಣಾ. ಕಾರಂತೆ. ಸಚಿನ್‌ನಲ್ಲಿ ವಾಸನೆ ಅಂತ ಹೇಳಿದೋರು ಯಾರು? ನನಗೆ ಮೊದಲಿಂದಲೂ ಅನುಮಾನ ಇತ್ತು, ಅದು ಒಳ್ಳೇ ಊರೇ ಇರಬೇಕು" ಎಂದ.

ವಿಠ್ಠಲ ಹೊರಡುವ ದಿನ ರಮಾಮಣಿಯ ಡಬ್ಬಿ ತುಂಗಾಳ ಮನೆಯಲ್ಲೇ ಇತ್ತು. ತುಂಗಾ ಅದರ ತುಂಬ ಮಂಡಕ್ಕಿ ಉಸುಳಿ ಹಾಕಿದಳು. ಹಾಲೇಶ ಬಾಲ್ಕನಿಯ ನೀಲಿ ವೈರನ್ನು ಬಿಚ್ಚಿ, ಸುರುಳಿ ಸುತ್ತಿ, ಅದರ ಜೊತೆ ಕೊಟ್ಟ. "ಇಟ್ಟುಕೊಳ್ರಿ. ಅಲ್ಲೂ ಯಾರಾದರೂ ಪಕ್ಕದ ಮನೆಯೋರು ಇರ್ತಾರೆ" ಎನ್ನುತ್ತ ಸುರುಳಿಯ ತುದಿಯನ್ನು ಮತ್ತೊಮ್ಮೆ ಬಿಗಿದು ಕಟ್ಟಿದ. ವಿಠ್ಠಲ ಮತ್ತೆ ಕೈ ಮುಗಿದ. ಈ ಸಲ ಹಾಲೇಶ ಸಿಟ್ಟಾಗಲಿಲ್ಲ.

ಈಗ ಹಾಲೇಶನ ವಿಪಿಎನ್ ಒಂದೇ ಏಟಿಗೆ ಶುರುವಾಗುತ್ತದೆ. ಇಂಟರ್ನೆಟ್ ಹಾರುತ್ತದೆ. ಪಕ್ಕದ ಮನೆ ಖಾಲಿ. ಅವನು ಕಂಪ್ಯೂಟರ್ ಚಾಲೂ ಮಾಡಿದರೆ ಬಂತು ಎನ್ನುವವರಿಲ್ಲ, ಬಂದ್ ಮಾಡಿದರೆ ಹೋತು ಎನ್ನುವವರಿಲ್ಲ. ಟವೆಲ್ ಒಣಗಿಸಲು ಹೊಸ ಹಗ್ಗ ಕಟ್ಟಿದ್ದಾನೆ.

ಮೊನ್ನೆ ವಿಠ್ಠಲ ಸಚಿನ್‌ನಿಂದ ಫೋನ್ ಮಾಡಿದ್ದ. ಊರು ಚೆನ್ನಾಗಿದೆಯಂತೆ. ಪಕ್ಕದ ಮನೆಯವನೊಬ್ಬ ಸೂರತ್ತಿನವನು, ಬಹಳ ಉಪಕಾರಿಯಂತೆ. ನೀಲಿ ವೈರು ಅವನ ಕಿಟಕಿಗೆ ಸರಿಯಾಗಿ ಸಾಲುತ್ತದಂತೆ. ಹಾಲೇಶ ಫೋನಿಟ್ಟು, ಮುಖ ಕೆಂಪು ಮಾಡಿಕೊಂಡು ಕೆಳಗಿಳಿದು ಬಂದ.

"ಯಾರಣ್ಣಾ ಅವನು? ಹೆಸರೂ ಗೊತ್ತಿಲ್ಲ, ಕುಲವೂ ಗೊತ್ತಿಲ್ಲ, ಕನ್ನಡದ ಒಂದಕ್ಷರ ಬರಂಗಿಲ್ಲ!" ಎಂದು ಕುರ್ಚಿಯ ಕೈ ಗುದ್ದಿದ. "ಈಗ ಪ್ರತಿ ವಾರ ಡಬ್ಬಿ ತುಂಬ ಶೇಂಗಾ ಹೋಳಿಗೆ ತಿಂತಾ ಕೂತಿರ್ತಾನಲ್ಲ!"